ಕೇರಿ ನೋಡಿ ಕೊಡೋ ಮರ್ಯಾದೆ

ನನಗೆ ಬರೋ ಸ್ಪ್ಯಾನಿಷ್‌ನಲ್ಲಿ ‘ಊಟ ಆಯ್ತಾ’ ಅಂತ ಕೇಳೋಕೂ ಆಗಲ್ಲ. ಬರೋದೆಲ್ಲ ಬರೀ ಅಪ್ಪಣೆ: ಕೂತ್ಕೊಳ್ಳಿ, ಬಾಯಿ ತೆಗೀರಿ, ಉಸಿರೆಳ್ಕೊಳ್ಳಿ. ಅದೂ ಮರ್ಯಾದೆಯ ಅಪ್ಪಣೆ! ಹಿಂದೂಪುರದ ಮಗ್ಗದ ಮನೇಲಿ ಹುಟ್ಟಿದೋಳಿಗೆ ಇದು ಸೋಜಿಗವೇ. ಮಗ್ಗದ ಸದ್ದಿನ ಮೇಲೆ ‘ತಾರೇ, ಹಿಡಿಯೇ, ಬಿಡೇ’ ಅಂತ ಅರಚಿ ಅರಚಿ ಬೆಳೆದ ಗಂಟಲು ನಂದು. ಮದುವೆ ಮನೇಲಿ ನಾನು ಊಟಕ್ಕೆ ಕರೆದರೆ ನೆಂಟರು ಜಗಳಕ್ಕೆ ಕರೆದೆ ಅಂತ ಬೆಚ್ಚೋರು.

ಎಂಬತ್ತರ ದಶಕದಲ್ಲಿ ಕಲ್ಯಾಣದುರ್ಗದ ಒಂದು ಸಣ್ಣ ಆಸ್ಪತ್ರೆಗೆ ಸ್ಪೇನ್‌ನಿಂದ ನರ್ಸಮ್ಮ ಒಬ್ಬರು ಬಂದರು. ಅವರ ಮಾತನ್ನ ರೋಗಿಗಳಿಗೆ ಕನ್ನಡದಲ್ಲೋ ತೆಲುಗಲ್ಲೋ ಹೇಳೋ ಕೆಲಸ ನನಗೆ ಸಿಕ್ತು. ಸ್ಪ್ಯಾನಿಷ್ ಗಂಧವೇ ಇಲ್ಲದ ನನಗೆ ಬೇಕಾದ ನಾಲ್ಕು ಮಾತು ಅವರೇ ಹೇಳಿಕೊಟ್ಟರು. ಗೆಳತಿಗಾದರೆ ‘ಸಿಯೆಂತಾತೆ’, ಗೌರವಕ್ಕೆ ‘ಸಿಯೆಂತೆಸೆ’ ಅಂತ ಮೊದಲ ದಿನವೇ ಕಲಿಸಿದರು. ರೋಗಿಗಳಿಗೆಲ್ಲ ಎರಡನೇದೇ. ಕೂತ್ಕೋ, ಕೂತ್ಕೊಳ್ಳಿ, ನಮ್ಮ ಹಾಗೇ ಅಂದ್ಕೊಂಡೆ. ಎಲ್ಲಿ ಬಂತು! ನಮ್ಮಲ್ಲಿ ಮರ್ಯಾದೆ ಕೇರಿ ನೋಡಿ ತಾನೇ ಬಾಯಿಗೆ ಬರೋದು?

ಊರಾಚೆ ಕೇರಿಯ ಹನುಮಕ್ಕ ಬಂದ ದಿನ ಅದು ಗೊತ್ತಾಯ್ತು. ನಮ್ಮಜ್ಜಿ ವಯಸ್ಸು. ಊರೊಳಗಿನ ಚೋಟುದ್ದದ ಮಕ್ಕಳೂ ಅವರನ್ನ ‘ಬಾರೇ, ಹೋಗೇ’ ಅನ್ನೋದು ರೂಢಿ. ನರ್ಸಮ್ಮ ‘ಸಿಯೆಂತೆಸೆ’ ಅಂದರು. ನಾನು “ಕೂತ್ಕೊಳ್ಳಿ” ಅಂದೆ. ಬೆಂಚಿನ ತುದೀಲಿ ಇನ್ನೇನು ಕೂರಬೇಕು ಅಂತಿದ್ದ ಹನುಮಕ್ಕ ಪಟ್ಟನೆ ಎದ್ದು ಗೋಡೆಗಾನಿ ನಿಂತು, ಯಾರೋ ದೊಡ್ಡೋರು ಬಂದರು ಅಂತ ಬಾಗಿಲು ನೋಡಿದರು. “ನಿಮಗೇ ಹೇಳಿದ್ದು, ಕೂತ್ಕೊಳ್ಳಿ” ಅಂತ ಕೈ ಹಿಡಿದು ಕೂರಿಸಿದೆ.

ಆಸ್ಪತ್ರೆ ಮೇನೇಜರು ನನ್ನ ಪಕ್ಕಕ್ಕೆ ಕರೆದರು. “ಇವರಿಗೆಲ್ಲ ಹಂಗಂದ್ರೆ ನಾಳೆ ತಲೆ ಮೇಲೆ ಕೂತ್ಕಂಬುಡ್ತಾರೆ ಕಣಮ್ಮ. ಕೂತ್ಕೋ ಅನ್ನು ಸಾಕು. ಆಗಲ್ಲಾಂದ್ರೆ ಹಿಂದೂಪುರದ ಬಸ್ಸು ಹತ್ತು.”

ಆಗ ನಮ್ಮ ಮನೆ ಒಲೆ ಉರೀತಿದ್ದದ್ದೇ ಈ ಕೆಲಸದ ಮೇಲೆ. ಆದರೂ ಈ ನಾಲಿಗೆ ಸುಮ್ಮನಿರುತ್ತಾ?

“ನರ್ಸಮ್ಮ ಹೇಳಿದ್ದನ್ನೇ ಹೇಳ್ತೀನಿ ಸಾರ್. ಮಧ್ಯ ನಿಂತ್ಕೊಂಡು ಮರ್ಯಾದೆ ಸೋಸೋ ಕೆಲಸ ನಂದಲ್ಲ. ಬೇಕಾದ್ರೆ ತೆಗೆದುಹಾಕಿ!” ಅಂತ ಆಸ್ಪತ್ರೆಗೆಲ್ಲ ಕೇಳೋ ಹಾಗೆ ಅಂದೆ. ನರ್ಸಮ್ಮ ತಿರುಗಿ ನೋಡಿದರು. ಮೇನೇಜರು ಅವರೆದುರು ಬಸ್ಸಿನ ಮಾತು ಬಿಟ್ಟು ಮುಂದಿನ ರೋಗಿಯ ಹೆಸರು ಕೂಗಿದರು.

ಮರ್ಯಾದೆ ಮಾತೇನು ಸ್ಪೇನ್‌ನಿಂದ ಬರಬೇಕಿತ್ತೇ? ನಮ್ಮ ನಾಲಿಗೇಲೇ ಇತ್ತು. ಖರ್ಚು ಮಾಡೋಕೆ ಜಿಪುಣತನ, ಅಷ್ಟೆ.

ಮುಂದಿನ ವಾರ ಹನುಮಕ್ಕ ಮತ್ತೆ ಬಂದು ಬೆಂಚಿನ ನಟ್ಟನಡುವೆ ಕೂತರು. ಮೇನೇಜರು ಅಭ್ಯಾಸಬಲದಿಂದ, “ಏಯ್ ಮುದುಕಿ, ಎದ್ದು ಬಾರೇ” ಅಂದರು. ಹನುಮಕ್ಕ ಅಲ್ಲಾಡಲಿಲ್ಲ. ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ನೆಟ್ಟಗೆ ಕರಿಯಪ್ಪಾ, ಬತ್ತೀನಿ” ಅಂದರು.

ಮೇನೇಜರು ಹರಳೆಣ್ಣೆ ಕುಡಿದೋರ ಮುಖ ಮಾಡಿಕೊಂಡು “ಬನ್ನಿ” ಅಂದರು. ಒಳಗೆ ಹೋದಾಗ, ಹೊರಗೆ ಯಾರು ಯಾರಿಗೆ ಅಪ್ಪಣೆ ಕೊಟ್ಟಿದ್ದು ಅಂತ ನರ್ಸಮ್ಮ ಕೈಸನ್ನೆಯಲ್ಲಿ ಕೇಳಿದರು. ನಾನು ಹನುಮಕ್ಕನ ಕಡೆ ಕೈ ತೋರಿಸಿದೆ.