ಮೇಡಂ ಅಳಿಸು ಎಂದ ಪಾಠಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಆಮೇಲೆ ಪೆನ್ನಿಗಿಂತ ಸೂಜಿ ಹಿಡಿದದ್ದೇ ಹೆಚ್ಚು. ಮಾತುಗಳೂ ಸಾಲದೆ ಹೋಗಬಹುದು. ಒಂದೊಂದು ಸಾಲನ್ನೂ ಬೇರೆ ಹಾಳೆಯಲ್ಲಿ ಬರೆದು, ತಿದ್ದಿ, ಇಲ್ಲಿ ಇಳಿಸಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ಬರೆಯಹೊರಟಿರುವುದು ನಮ್ಮ ವಿಜ್ಞಾನದ ಮೇಡಂ ಬಗ್ಗೆ. ತೆಳ್ಳಗೆ, ಎತ್ತರವಾಗಿದ್ದರು. ಭುಜದ ಚೀಲ ಯಾವಾಗಲೂ ಭಾರ. ತರಗತಿಗೆ ಬಂದ ಕೂಡಲೇ ಅದನ್ನು ಮೇಜಿನ ಮೇಲೆ ಬರಿದು ಮಾಡುತ್ತಿದ್ದರು. ಮೊಳೆ, ಮೇಣದಬತ್ತಿ, ಗಾಜಿನ ಲೋಟ, ಒಮ್ಮೆ ಹರಿದ ಚಪ್ಪಲಿ ಕೂಡ. ಕಬ್ಬಿಣ ಎನ್ನಬೇಕಾದ ಕಡೆ ಸುಮ್ಮನೆ ಮೊಳೆ ಎತ್ತಿ ಹಿಡಿಯುತ್ತಿದ್ದರು. "ಕಬ್ಬಿಣ" ಎಂದು ಕೂಗುವವರು ನಾವು. ನಮ್ಮನ್ನು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಬಾಯಿ ಮುಚ್ಚದೆ ಮಾತಾಡುವವಳು ಗಿಣಿ, ದಿನಾ ತಡವಾಗಿ ಬರುವವನು ಗಡಿಯಾರ, ತಲೆ ತಗ್ಗಿಸಿಕೊಂಡು ಗೋಡೆಯ ಪಕ್ಕದಲ್ಲೇ ಓಡಾಡುವ ನಾನು ಇರುವೆ. ಹಾಜರಿ ಹಾಕುವಾಗಲೂ ಒಬ್ಬೊಬ್ಬರ ಮುಖ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಅದೆಲ್ಲ ನಮ್ಮ ಮೇಲಿನ ಅಕ್ಕರೆ ಎಂದುಕೊಂಡಿದ್ದೆವು. ಅಕ್ಕರೆಯೂ ಇತ್ತು. ಅದರ ಹಿಂದೆ ಇನ್ನೊಂದೂ ಇತ್ತು.

ಅಮ್ಮನ ಬೆನ್ನಿಗೆ ಆಪರೇಷನ್ ಆದಾಗ ಟೈಲರ್ ಅಂಗಡಿಯಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ನಾನು ಕೂತೆ. ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು ನನ್ನ ಕೆಲಸ. ಕೆಲವು ವಾರಗಳ ಮೇಲೆ ಮೇಡಂ ಒಂದು ಪರದೆ ಹಿಡಿದುಕೊಂಡು ಬಂದರು. ಆ ಪರದೆಗೆ ಹೊಲಿಗೆಯೇನೂ ಬೇಕಿರಲಿಲ್ಲ.

"ಇರುವೆ, ಮನೇಲಿ ಓದ್ಕೊಂಡೂ ಪರೀಕ್ಷೆ ಬರೀಬಹುದು. ಪಾಠ ನಾನು ಕಳಿಸ್ತೀನಿ," ಎಂದರು.

ಟೈಲರ್ ಮಾವ ಕತ್ತರಿ ಆಡಿಸುತ್ತಲೇ, "ಕಳಿಸಿ ಮೇಡಂ. ಇವಳು ವಿಜ್ಞಾನಿ ಆದ್ರೆ ಈ ಮಿಷನ್ನು ತಾನಾಗೇ ಹೊಲಿಯೋ ಹಾಗೆ ಮಾಡಿಸ್ಕೋತೀನಿ," ಎಂದರು.

ಅಂದಿನಿಂದ ಮೇಡಂ ತರಗತಿಯಲ್ಲಿ ತಮ್ಮ ಫೋನನ್ನು ಗಿಣಿಯ ಕೈಗೆ ಕೊಟ್ಟು ಪಾಠವನ್ನು ವಿಡಿಯೋ ಮಾಡಿಸುತ್ತಿದ್ದರು. ಸಂಜೆ ಅದು ಅಮ್ಮನ ಫೋನಿಗೆ ಬರುತ್ತಿತ್ತು. ಪಾಠದ ನಡುವೆ ಫೋನ್ ಮುಚ್ಚಿಕೊಂಡರೆ ಗಿಣಿಗೆ ಕಷ್ಟವಾಗಬಾರದೆಂದು ಅದರ ಲಾಕನ್ನೇ ತೆಗೆದಿದ್ದರು. ಊಟದ ಬಿಡುವಿನಲ್ಲಿ ಬಟ್ಟೆಯ ಗಂಟಿಗೆ ಫೋನ್ ಒರಗಿಸಿ ನೋಡುತ್ತಿದ್ದೆ. ಗಡಿಯಾರ ತಡವಾಗಿ ಬಂದು ನೆಪ ಹೇಳುವುದೂ ಅದರಲ್ಲಿ ಕೇಳಿಸುತ್ತಿತ್ತು. ನಾನೂ ಅಲ್ಲೇ ಕೂತ ಹಾಗಿರುತ್ತಿತ್ತು.

ಆ ವರ್ಷ ಬಂದ ಹೊಸ ಮುಖ್ಯೋಪಾಧ್ಯಾಯರು, ಬಹುಮಾನದ ದಿನ ಪ್ರತಿ ತರಗತಿಯ ಶಿಕ್ಷಕರೇ ವೇದಿಕೆಯಲ್ಲಿ ನಿಂತು ತಮ್ಮ ಮಕ್ಕಳ ಹೆಸರು ಓದಬೇಕು ಎಂದು ಹೇಳಿದರು.

ಅದಾದ ಸ್ವಲ್ಪ ದಿನಕ್ಕೆ ಹಳೆಯ ಗೆಳತಿಯೊಬ್ಬಳು ಅಮ್ಮನ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಪಾಠವೆಂದು ತೆರೆದೆ. ಮೇಡಂ ಮನೆಬಟ್ಟೆಯಲ್ಲಿ, ಕೂದಲು ಬಿಚ್ಚಿಕೊಂಡು ಮಂಚದ ಮೇಲೆ ಕೂತಿದ್ದರು. ಒಂದು ಹೆಸರು ಹೇಳಲು ಬಾಯಿ ತೆರೆಯುತ್ತಾರೆ. ಮೊದಲ ಅಕ್ಷರಕ್ಕೇ ದವಡೆ ಕಚ್ಚಿಕೊಳ್ಳುತ್ತದೆ. ಕಣ್ಣು ಬಿಗಿದು ಮುಚ್ಚುತ್ತಾರೆ. ಕುತ್ತಿಗೆಯ ನರ ಉಬ್ಬುತ್ತದೆ. ತೊಡೆಗೆ ಗುದ್ದಿಕೊಂಡು ಮತ್ತೆ ಮೊದಲಿಂದ. ಅದಕ್ಕೆ ಯಾರೋ ಆಡಿನ ಕೂಗು ಸೇರಿಸಿದ್ದರು. ಕೊನೆಗೆ ಹೆಸರು ಪೂರ್ತಿ ಹೊರಬರುತ್ತದೆ, ಮೇಡಂ ಮುಖ ಅರಳುತ್ತದೆ. ಆ ಹೆಸರು ಗಿಣಿಯದು.

ಮೇಡಂಗೆ ಮಾತು ಉಗ್ಗುತ್ತದೆ ಎಂದು ಗೊತ್ತಾದದ್ದು ಆಗಲೇ. ನಾಲಿಗೆಗೆ ಬಾರದ ಮಾತು ಎದುರಾದರೆ ಮೊಳೆ ತೋರಿಸಬಹುದು, ಬೇರೆ ಮಾತು ಹುಡುಕಬಹುದು. ಮಕ್ಕಳ ಹೆಸರಿಗೆ ಬದಲಿ ಎಲ್ಲಿಂದ ತರುತ್ತಾರೆ?

ಮುಂದಿನದನ್ನು ಹೇಳಿದವರು ಗಂಟೆ ಅಕ್ಕ. ಶಾಲೆಯಲ್ಲಿ ಗಂಟೆ ಹೊಡೆಯುವವರು, ಬ್ಯಾಂಡಿನ ಅಂಗಿಗಳನ್ನು ರಿಪೇರಿಗೆ ತಂದಿದ್ದರು. ವಿಡಿಯೋ ಹರಿದಾಡಿದ ಮರುದಿನ ಮೇಡಂ ಎಂದಿನಂತೆ ತರಗತಿಯಲ್ಲಿ ಮೊಳೆ ಎತ್ತಿ ಹಿಡಿದರಂತೆ. ಯಾರೂ ಕಬ್ಬಿಣ ಎನ್ನಲಿಲ್ಲ. ಹಿಂದಿನ ಬೆಂಚಿನಿಂದ ಆಡು ಕೂಗಿತು. ಆಮೇಲೆ ಎಲ್ಲ ಬೆಂಚಿನಿಂದಲೂ. ಮೇಡಂ ಬೋರ್ಡಿನ ಕಡೆ ತಿರುಗಿ ಪಾಠವನ್ನೆಲ್ಲ ಬರೆಯತೊಡಗಿದರು. ಸೀಮೆಸುಣ್ಣ ಮುರಿದರೆ ಇನ್ನೊಂದು.

"ನಾನು ಬಾಗಿಲಲ್ಲೇ ನಿಂತಿದ್ದೆ. ನೋಡೋಕಾಗ್ಲಿಲ್ಲ ಕಣೇ. ಹೋಗಿ ಹೊತ್ತಿಗೆ ಮುಂಚೇನೇ ಗಂಟೆ ಹೊಡೆದ್ಬಿಟ್ಟೆ," ಎಂದರು ಅಕ್ಕ. "ನನ್ನ ಕೆಲಸದಲ್ಲಿ ಇದೇ ಮೊದಲ್ನೇ ತಪ್ಪು. ಬೇಕಾದ್ರೆ ಸಂಬಳ ಹಿಡ್ಕೊಳ್ಲಿ."

ಆಮೇಲೆ ವಿಚಾರಣೆ ನಡೆಯಿತು. ಪಾಠದ ವಿಡಿಯೋ ಹುಡುಕುವಾಗ ಅದು ಕಣ್ಣಿಗೆ ಬಿತ್ತು, ಒಬ್ಬಳಿಗೇ ಕಳಿಸಿದ್ದು ಎಂದು ಗಿಣಿ ಅತ್ತಳಂತೆ. ಫೋನ್ ಕೊಟ್ಟವರು ಮೇಡಂ, ಲಾಕ್ ತೆಗೆದವರೂ ಮೇಡಂ, ಶಾಲೆ ಏನು ಮಾಡಲಾದೀತು ಎಂದರು ಮುಖ್ಯೋಪಾಧ್ಯಾಯರು. ಗಿಣಿಯ ಅಪ್ಪ, "ಮಕ್ಕಳು ತಮಾಷೆ ಮಾಡಿದ್ದಾರೆ, ಬೈಯೋಣ. ಆದ್ರೆ ಮಾತೇ ಬರದವರನ್ನ ಪಾಠಕ್ಕೆ ಯಾಕೆ ಇಟ್ಕೊಂಡಿದ್ದೀರಿ?" ಎಂದರಂತೆ. ಮೇಡಂ ಉತ್ತರ ಕೊಡಲು ಬಾಯಿ ತೆರೆದರು. ಮೊದಲ ಮಾತೇ ಹೊರಡಲಿಲ್ಲ. ಎಲ್ಲರೂ ಕಾದರು. ಗಿಣಿಯ ಅಪ್ಪ ಕೈಗಡಿಯಾರ ನೋಡಿಕೊಂಡರು. ಮೇಡಂ ಎದ್ದು ಹೊರಗೆ ಬಂದವರು ಮತ್ತೆ ಶಾಲೆಗೆ ಹೋಗಲಿಲ್ಲ.

ನಿನ್ನೆ ಮೇಡಂ ಮನೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಮೇಡಂ ನೀರು ಕೊಟ್ಟು ಎದುರಿಗೆ ಕೂತರು. ಈಗ ಅವರು ಏನನ್ನೂ ಮುಚ್ಚಿಡುವುದಿಲ್ಲ. ತಡೆದು ತಡೆದು, ಕಣ್ಣು ಮುಚ್ಚಿ ತೆಗೆದು ಮಾತಾಡಿದರು. ಬಹುಮಾನದ ದಿನ ಓದಬೇಕಿದ್ದ ಹೆಸರುಗಳಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತೇನೆಂದು ನೋಡಿ ತಿದ್ದಿಕೊಳ್ಳಲು ಮನೆಯಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರಂತೆ. ಮುಂದಿನ ತಿಂಗಳಿಂದ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಕೆಲಸ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲವಂತೆ.

ಗಿಣಿ ಕ್ಷಮೆ ಕೇಳಬೇಕೆಂದು ಹೇಳುತ್ತಿದ್ದಾಳೆ ಎಂದೆ.

"ಅವಳ ಮೇಲೆ ಕೋಪ ಇಲ್ಲ, ಇರುವೆ. ಆದ್ರೆ ಅದು ಈಗ ಯಾರ್ಯಾರ ಫೋನಲ್ಲಿದೆಯೋ. ಬಸ್ಸಲ್ಲಿ ಯಾರಾದ್ರೂ ಫೋನ್ ನೋಡಿ ನಕ್ಕರೆ, ನನ್ನನ್ನೇ ನೋಡಿ ನಗ್ತಿದ್ದಾರೆ ಅನ್ಸುತ್ತೆ."

ಖಾಲಿ ಲೋಟ ತೆಗೆದುಕೊಳ್ಳುತ್ತ, "ನಿನ್ನ ಹತ್ರ ಇರೋ ಪಾಠಗಳನ್ನೂ ಅಳಿಸಿಬಿಡು," ಎಂದರು. ತಮ್ಮ ಫೋನಿನಲ್ಲಿದ್ದದ್ದನ್ನೆಲ್ಲ ಆಗಲೇ ಅಳಿಸಿದ್ದರು.

"ಅದ್ರಲ್ಲಿ ನೀವು ಒಂದು ಕಡೇನೂ ತಡವರಿಸಿಲ್ಲ, ಮೇಡಂ."

"ಗೊತ್ತು. ಆದ್ರೂ ನನ್ನ ಮುಖ, ನನ್ನ ಧ್ವನಿ ಎಲ್ಲೂ ಇರೋದು ಬೇಡ."

ಪರೀಕ್ಷೆ ಹತ್ತಿರವಿದೆ ಎನ್ನಬೇಕೆಂದಿದ್ದೆ, ನುಂಗಿಕೊಂಡೆ. ನಿಮ್ಮ ಬಗ್ಗೆ ಬರೆಯಲೇ ಎಂದು ಮಾತ್ರ ಕೇಳಿದೆ. "ಬರಿ. ಬರೆದದ್ರಲ್ಲಿ ಧ್ವನಿ ಇರಲ್ಲವಲ್ಲ," ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಪರೀಕ್ಷೆ ಮುಗಿಯುವವರೆಗೆ ಇಟ್ಟುಕೋ, ಅವರಿಗೇನು ಗೊತ್ತಾಗುತ್ತದೆ ಎಂದಳು ಅಮ್ಮ. ಗೊತ್ತಾಗುವುದಿಲ್ಲ, ನಿಜ. ಗಿಣಿಯೂ ಹಾಗೇ ಅಂದುಕೊಂಡಿರಬೇಕು.

ಇವತ್ತು ಊಟದ ಬಿಡುವಿನಲ್ಲಿ ಎಲ್ಲ ಪಾಠಗಳನ್ನೂ ಅಳಿಸುತ್ತೇನೆ. ಇನ್ನೊಮ್ಮೆ ನೋಡುವುದಿಲ್ಲ, ನೋಡಿದರೆ ಅಳಿಸಲು ಕೈ ಬರುವುದಿಲ್ಲ. ಪರೀಕ್ಷೆಗೆ ಪುಸ್ತಕದಿಂದಲೇ ಓದಿಕೊಳ್ಳುತ್ತೇನೆ.