ಎರಡು ಕ್ರೆಡಿಟ್ಟಿನ ಸೂತಕ

ಡಿಗ್ರಿಯ ಕೊನೆಯ ವರ್ಷ ಇಂಟರ್ನ್‌ಶಿಪ್ ಕಡ್ಡಾಯ ಅಂತ ಹೇಳಿದಾಗ ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಅದು ಯಾವ ಹಕ್ಕಿ ಅಂತಲೇ ಗೊತ್ತಿರಲಿಲ್ಲ. ಅದಕ್ಕೆ ಎರಡು ಕ್ರೆಡಿಟ್. ಆ ಎರಡು ಇಲ್ಲದಿದ್ದರೆ ಉಳಿದ ಎಲ್ಲ ಪೇಪರ್ ಪಾಸಾಗಿದ್ದರೂ ಡಿಗ್ರಿ ಇಲ್ಲ, ಮುಂದಿನ ವರ್ಷದವರ ಜೊತೆ ಮತ್ತೆ ಮಾಡಬೇಕು. ಎಲ್ಲಿ ಮಾಡುವುದು ಮೇಡಂ ಅಂತ ಕೇಳಿದರೆ ನಮ್ಮ ಗೈಡ್, "ಅದನ್ನು ಹುಡುಕುವುದೂ ಕಲಿಕೆಯ ಭಾಗ" ಅಂದರು. ಮದುವೆ ಗೊತ್ತಾಗಿದೆ, ಗಂಡನ್ನು ಮಾತ್ರ ನೀನೇ ಹುಡುಕಿಕೋ ಅಂದ ಹಾಗಾಯಿತು.

ಕುಂದಾಪುರ ಪೇಟೆಯಲ್ಲಿ ನಾನು ಹತ್ತದ ಮೆಟ್ಟಿಲಿಲ್ಲ. ಆಡಿಟರ್ ಆಫೀಸಿನವರು ಜಾಗ ಇಲ್ಲ ಅಂದರು. ಬ್ಯಾಂಕಿನವರು ಹೆಡ್ಡಾಫೀಸಿನಿಂದ ಪತ್ರ ತನ್ನಿ ಅಂದರು. ಒಂದು ಶೋರೂಮಿನವರು ಒಂದು ವಾರ ಬರ ಹೇಳಿ, ಕಸ ಗುಡಿಸಿಸಿ, ಆಮೇಲೆ ಫೋನೇ ಎತ್ತಲಿಲ್ಲ. ನನ್ನ ಕ್ಲಾಸಿನ ಹಲವರಿಗೆ ಊರೂರಲ್ಲಿ ಹೋಟೆಲು ನಡೆಸುವ ಮಾವಂದಿರಿದ್ದರು. ಅವರು ಮನೆಯಲ್ಲೇ ಕೂತು, ಹೋಟೆಲಿನ ಸೀಲು ಬಿದ್ದ ಕಾಗದ ಕೊರಿಯರಿನಲ್ಲಿ ತರಿಸಿಕೊಂಡರು. ನಮ್ಮಪ್ಪ ಬೋಟಿನ ಕೆಲಸದವರು, ಮನೆಯಲ್ಲಿ ಇದ್ದದ್ದಕ್ಕಿಂತ ನೀರಿನ ಮೇಲೆ ಇದ್ದದ್ದೇ ಹೆಚ್ಚು. ಬೋಟಿನವರಿಗೆ ಎಲ್ಲಿಯ ಸೀಲು.

ನಮ್ಮ ಮನೆ ಇರುವುದು ಗುಲ್ವಾಡಿಯಲ್ಲಿ. ಮನೆಯಲ್ಲಿ ಅಮ್ಮ, ನಾನು ಮತ್ತು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ದೊಡ್ಡಮ್ಮನಿಗೆ ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನನ್ನು ಹೆತ್ತದ್ದು ಅಮ್ಮ, ಸಾಕಿದ್ದು ಅವಳು. ಹಾಲಾಡಿ ಪೇಟೆಯಲ್ಲಿ ಅವಳ ಮೀನು ವ್ಯಾಪಾರ. ದಿನಾ ಸಂಜೆ ನಾನು ಬರಿಗೈಯಲ್ಲಿ ಬರುವುದನ್ನು ನೋಡಿ ನೋಡಿ ಅವಳಿಗೆ ಸಿಟ್ಟು ನೆತ್ತಿಗೇರಿತು.

"ಅಲ್ಲ ಹೆಣೆ, ಪುಕ್ಸಟೆ ಕೆಲ್ಸ ಮಾಡ್ತೆ ಅಂದ್ರೂ ಯಾರೂ ಬಾ ಅಂಬುದಿಲ್ಯಾ? ಇದೆಂತ ಕಾಲ ಮಾರಾಯ್ತಿ!"

ಮರುದಿನವೇ ಅವಳು ತನ್ನ ಖಾಯಂ ಗಿರಾಕಿ ಒಬ್ಬರನ್ನು ಹಿಡಿದಳು. ದೊಡ್ಡ ಮನೆತನದ ಹೆಂಗಸು, ಅವರ ಭಾವನವರು ಬ್ರಹ್ಮಾವರದ ಕಡೆಯ ಒಂದು ದೇವಸ್ಥಾನದ ಆಡಳಿತದಲ್ಲಿದ್ದರು. "ಅಮ್ಮ, ನಮ್ ಹೆಣ್ಣಿಗೆ ಅಲ್ಲೊಂದ್ ಕುರ್ಚಿ ಕೊಡ್ಸಿ. ಒಳ್ಳೆ ಕಾಣೆ ಮೀನ್ ಬಂದ್ರೆ ನಿಮ್ಗೆ ಕಾಣ್ಸದೆ ಬೇರೆಯವ್ರಿಗೆ ಕಾಣ್ಸುದೇ ಇಲ್ಲೆ" ಅಂದಳಂತೆ. ಪೇಟೆಯ ನಡುವೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರಿಂದ ಆ ಹೆಂಗಸಿಗೆ ಇಲ್ಲ ಅನ್ನಲು ದಾರಿಯಿರಲಿಲ್ಲ. ಹಾಗೆ ನನಗೆ ಇಂಟರ್ನ್‌ಶಿಪ್ ಸಿಕ್ಕಿತು.

ಆಫೀಸು ದೇವಸ್ಥಾನದ ಪೌಳಿಯ ಒಳಗೇ ಇತ್ತು. ಸೇವೆ ಮಾಡಿಸುವವರ ಹೆಸರು, ನಕ್ಷತ್ರ, ವಿಳಾಸ ಕಂಪ್ಯೂಟರಿಗೆ ಹಾಕುವುದು, ಪರವೂರಿನವರಿಗೆ ಪ್ರಸಾದ ಅಂಚೆಗೆ ಕಟ್ಟಿಸುವುದು, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು ಕಲಿಯುವುದು. ಮ್ಯಾನೇಜರು ವಯಸ್ಸಾದವರು, ಸಾಧು ಮನುಷ್ಯ. ಮೊದಲ ದಿನ ನನ್ನ ಮುಖ ನೋಡದೆ ಗೋಡೆ ನೋಡಿಕೊಂಡು ಹೇಳಿದರು: "ಕಾಣ್ ಮಗಾ, ಕೆಲ್ಸ ಕಲ್ಸ್ತೆ. ಆರೆ ತಿಂಗ್ಳ ಮೂರ್ ದಿನ ಒಳ್ಗ್ ಬಪ್ಕಾಗ. ಮನೆಯಂಗೆ ಸೂತ್ಕ ಆರೂ ಬಪ್ಕಾಗ. ನಾ ಕೇಂತಾ ಕೂಕಂಬುದಿಲ್ಲೆ, ನೀನೇ ತಿಳ್ಕಣ್ಕ್."

ತಿಳಿದುಕೊಂಡೆ: ಮುಟ್ಟಾದ ಮೂರು ದಿನ ಬರಬಾರದು, ಮನೆಯಲ್ಲಿ ಸಾವಿನ ಸೂತಕವಾದರೂ ಬರಬಾರದು. ಆದರೆ ಕಾಲೇಜು ತಿಳಿದುಕೊಳ್ಳಲಿಲ್ಲ. ಮೊದಲ ತಿಂಗಳ ಮೂರು ದಿನಕ್ಕೆ ಗೈಡ್ ಮೇಡಂ "ಅನಾರೋಗ್ಯ ಅಂತ ಬರಿ" ಅಂದರು. ಅನಾರೋಗ್ಯವಂತೆ! ಕಲ್ಲುಗುಂಡಿನ ಹಾಗಿದ್ದೆ ನಾನು. ಎರಡನೇ ತಿಂಗಳದ್ದೂ ಕಳೆದಾಗ ಅವರೇ ಹಾಜರಿ ಪಟ್ಟಿ ನೋಡಿ, "ಇನ್ನು ಒಂದು ದಿನ ತಪ್ಪಿದರೂ ಕ್ರೆಡಿಟ್ ಕೊಡಲಿಕ್ಕೆ ಬರುವುದಿಲ್ಲ, ನೋಡಿಕೋ" ಅಂದರು. ಅವರೂ ಹೆಂಗಸು, ಅವರಿಗೂ ಎಲ್ಲ ಗೊತ್ತು. ಆದರೂ ನಿಯಮದಲ್ಲಿ ಅದಕ್ಕೆ ಹೆಸರಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇತ್ತ ದೇವರೂ ಬೇಡ ಅನ್ನುತ್ತಾನೆ, ಅತ್ತ ಯೂನಿವರ್ಸಿಟಿಯೂ ಯಾಕೆ ಬರಲಿಲ್ಲ ಅನ್ನುತ್ತದೆ. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಮನೆಗೆ ಬಂದು ಇಬ್ಬರಿಗೂ ಇದನ್ನೆಲ್ಲ ಕೂಗಾಡಿ ಹೇಳಿದೆ. ದೊಡ್ಡಮ್ಮ "ಮತ್ತೊಂದ್ ವರ್ಷ ಕಾಯುದ್ ಅಂದ್ರೆ ಆಪ್ದಲ್ಲ ಹೋಪ್ದಲ್ಲ. ಈ ಮನೆಯಂಗೆ ಮೊದ್ಲ್ ಡಿಗ್ರಿ ಇದ್" ಅಂದಳು. ಆಗಲೇ ಅವಳ ಕಾಲಿನ ಗಾಯ ಒಣಗದೆ ಕೂತಿತ್ತು. ಸಕ್ಕರೆ ಕಾಯಿಲೆಯವಳು, ಮೀನಿನ ನೀರಿನಲ್ಲೇ ದಿನವಿಡೀ ನಿಲ್ಲುವವಳು. ಹಾಲಾಡಿಗೆ ಹೋಗುವುದು ನಿಂತಿತ್ತು.

ಇಂಟರ್ನ್‌ಶಿಪ್ ಮುಗಿಯಲು ಉಳಿದದ್ದು ಮೂರು ವಾರ. ಒಂದು ದಿನ ಅಮ್ಮ, ಗುಲ್ವಾಡಿಯಿಂದ ಎರಡು ಬಸ್ಸು ಹಿಡಿದು ಓಡಾಡುವ ಬದಲು ಬ್ರಹ್ಮಾವರದಲ್ಲೇ ಗೆಳತಿಯ ಮನೆಯಲ್ಲಿ ಉಳಿದುಬಿಡು ಅಂದಳು. ಒಂದು ಬಸ್ಸು ತಪ್ಪಿದರೆ ಹಾಜರಿ ಹೋಗುತ್ತದಲ್ಲ ಅಂದಳು. ನನಗೂ ಸರಿ ಅನ್ನಿಸಿತು. ಗೆಳತಿಯ ಮನೆಯವರು ಒಪ್ಪಿದ್ದರು. ಹೊರಟಾಗ ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. "ಹ್ವಾಯ್ ಆಫೀಸರಮ್ಮ, ನಿತ್ಕಂಡ್ ಎಂತ ಕಾಂತೆ? ಬಸ್ ಹೋತ್ ಕಾಣ್" ಅಂದಳು. ನಾನು ಓಡಿದೆ.

ದಿನಾ ಸಂಜೆ ಫೋನು ಮಾಡುತ್ತಿದ್ದೆ. ಮೊದಮೊದಲು ದೊಡ್ಡಮ್ಮನೇ ಮಾತಾಡಿ, ಮ್ಯಾನೇಜರಿಗೆ ಮೀನು ಸೇರುತ್ತದಾ ಇಲ್ಲವಾ ಅಂತೆಲ್ಲ ಕೇಳುತ್ತಿದ್ದಳು. ಆಮೇಲೆ ಅಮ್ಮನೇ ಎತ್ತತೊಡಗಿದಳು. ದೊಡ್ಡಮ್ಮನಿಗೆ ಕೊಡು ಅಂದರೆ "ಅದ್ ಮಲ್ಗಿತ್, ಏಳ್ಸುದ್ ಬ್ಯಾಡ" ಅನ್ನುತ್ತಿದ್ದಳು. ಮಾತ್ರೆಯ ನಿದ್ದೆ ಅಂದುಕೊಂಡೆ. ಭಾನುವಾರ ಬರುತ್ತೇನೆ ಅಂದರೆ "ಬೈಂದೂರಂಗೆ ನೆಂಟ್ರ ಮನೆ ಒಕ್ಲ್. ನಾವೆಲ್ಲ ಅಲ್ಲಿಗ್ ಹೋತ್, ಮನೆಗ್ ಬೀಗ. ನೀ ಬಂದ್ ಎಂತ ಮಾಡ್ತೆ?" ಅಂದಳು. ದೊಡ್ಡಮ್ಮ ಕಾಲು ನೋವಿನಲ್ಲಿ ಗೃಹಪ್ರವೇಶಕ್ಕೆ ಹೇಗೆ ಹೋಗುತ್ತಾಳೆ ಅಂತ ಕೇಳಿದೆ. ಕಾರು ಮಾಡಿದ್ದೇವೆ ಅಂದಳು. ನಕ್ಕಳು ಕೂಡ. ಗೆಳತಿಯ ಅಮ್ಮ ಆ ವಾರ ನನಗೆ ಬಡಿಸಿದ್ದೇ ಬಡಿಸಿದ್ದು. ನಾನು ಸಂಕೋಚದಿಂದ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದೆ.

ಕೊನೆಯ ದಿನ ಮ್ಯಾನೇಜರು ಸರ್ಟಿಫಿಕೇಟಿಗೆ ಸಹಿ ಹಾಕಿ, ಸೀಲು ಒತ್ತಿ, "ಒಳ್ಳೆದಾಗ್ಲಿ ಮಗಾ" ಅಂದರು. ಗುಲ್ವಾಡಿಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ದಾಟಿತ್ತು. ಅಂಗಡಿಯ ಹತ್ತಿರ ಇಬ್ಬರು ನೆರೆಯವರಿದ್ದರು, ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಅಂಗಳಕ್ಕೆ ಕಾಲಿಡುವಾಗ ಅಮ್ಮ ಎದುರು ಬಂದು ಕೈ ಅಡ್ಡ ಮಾಡಿದಳು.

"ಅಲ್ಲೇ ನಿಲ್ಲ್. ಸರ್ಟಿಫಿಕೇಟ್ ಕೈಗ್ ಬಂತಾ?"

"ಬಂತ್."

"ಸೀಲ್ ಹಾಕಿರಾ? ಇನ್ ಆ ದೇವಸ್ಥಾನಕ್ಕೆ ಹೋಪ್ದಿಲ್ಲೆ ಅಲ್ದಾ?"

"ಇಲ್ಲೆ. ಎಂತ ಆಯ್ತ್?"

"ದೊಡ್ಡಮ್ಮ ಹೋಯ್ತ್ ಮಗಾ."

ನಾನು ಯಾವ ಆಸ್ಪತ್ರೆಗೆ ಅಂತ ಕೇಳಿದೆ. ಆಮೇಲೆ ಅರ್ಥವಾಯಿತು. ನಾನು ಹೋದ ಮರುವಾರವೇ ಅವಳು ತೀರಿಕೊಂಡಿದ್ದಳು. ಜ್ವರ ಏರಿತು, ಕುಂದಾಪುರದ ಆಸ್ಪತ್ರೆಗೆ ಒಯ್ದರು, ಮರುದಿನ ತಂದರು. ಸುಟ್ಟಾಗಿತ್ತು, ಬೂದಿ ನೀರಿಗೆ ಬಿಟ್ಟಾಗಿತ್ತು. ನಾವು ಬೊಜ್ಜ ಅನ್ನುವ ಉತ್ತರಕ್ರಿಯೆಯ ಊಟವೂ ಹಿಂದಿನ ದಿನ ಮುಗಿದಿತ್ತು. ಅಪ್ಪ ಬಂದು ವಾಪಸ್ಸು ಬೋಟಿಗೆ ಹೋಗಿದ್ದರು.

ನಮ್ಮ ಕಡೆ ಸೂತಕ ಹತ್ತುವುದು ಸಾವಿನಿಂದಲ್ಲ, ಸುದ್ದಿಯಿಂದ. ಕಿವಿಗೆ ಬಿದ್ದ ಗಳಿಗೆಯಿಂದ ಅದು ಶುರು. ಕಿವಿಗೆ ಬೀಳದಿದ್ದರೆ ನೀವು ಶುದ್ಧ. ಮದುವೆ ಮನೆಗಳಲ್ಲಿ ಈ ಉಪಾಯ ಎಲ್ಲರೂ ಮಾಡುತ್ತಾರೆ. ಮುಂಬಯಿಯಲ್ಲಿ ಯಾವುದೋ ಅಜ್ಜ ಇವತ್ತೋ ನಾಳೆಯೋ ಅಂತಿದ್ದರೆ ಧಾರೆ ಆಗುವ ತನಕ ಮದುಮಗಳಿಗೆ ಫೋನು ಕೊಡುವುದಿಲ್ಲ. ನಾನೂ ಅದನ್ನು ನೋಡಿ ನಕ್ಕವಳೇ. ನನ್ನ ಹಾಜರಿ ಪಟ್ಟಿಗೂ ಆ ಉಪಾಯ ನಡೆಯುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಅಂಗಳದಲ್ಲೇ ಕೂಗಿದೆ. ಏನೇನು ಬೈದೆ ಅಂತ ಎಲ್ಲ ಬರೆಯುವುದಿಲ್ಲ. ನಿಂಗೆ ತಲೆ ಸಮ ಇತ್ತಾ ಅಂತ ಕೇಳಿದ್ದು ನೆನಪಿದೆ. ಎರಡು ಕ್ರೆಡಿಟ್ಟಿಗೆ ನನ್ನ ದೊಡ್ಡಮ್ಮನ ಮುಖ ನೋಡದ ಹಾಗೆ ಮಾಡಿದೆಯಲ್ಲ ಅಂದೆ. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ಅದೇ ಹೇಳಿತ್. ಆಸ್ಪತ್ರೆಯಂಗೆ ನನ್ನ ಕೈ ಹಿಡ್ಕಂಡ್, ಹೆಣ್ಣಿಗೆ ತಿಳ್ಸ್ಬ್ಯಾಡಿ, ಅದ್ರ ಕೆಲ್ಸ ಮುಗೀಲಿ ಅಂದೇಳಿ ಹೇಳಿತ್."

ದೊಡ್ಡಮ್ಮ ಹಾಗೆ ಹೇಳುವವಳೇ. ಅಮ್ಮ ಹಾಗೆ ಕಟ್ಟಿ ಹೇಳುವವಳೂ ಹೌದು. ಇವತ್ತಿಗೂ ನನಗೆ ಎರಡರಲ್ಲಿ ಯಾವುದು ನಿಜ ಅಂತ ಗೊತ್ತಿಲ್ಲ. ಆ ಆಸ್ಪತ್ರೆಯಲ್ಲಿ ಅವರಿಬ್ಬರೇ ಇದ್ದದ್ದು. ಮತ್ತೆ ಕೇಳಿದರೆ ಅಮ್ಮ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಾಳೆ.

ಎಲ್ಲರಿಗೂ ಗೊತ್ತಿತ್ತು ಅನ್ನುವುದು ನನ್ನನ್ನು ಹೆಚ್ಚು ಸುಟ್ಟಿತು. ನೆಂಟರಿಷ್ಟರೆಲ್ಲ ದೊಡ್ಡಮ್ಮನ ಫೋಟೋಕ್ಕೆ ದೀಪ ಇಟ್ಟು ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡಿದ್ದರು, ನನ್ನ ನಂಬರೊಂದನ್ನು ಬಿಟ್ಟು. ಅಮ್ಮ ಒಬ್ಬೊಬ್ಬರಿಗೂ ಫೋನು ಮಾಡಿ ಅದನ್ನು ಹೇಳಿಕೊಟ್ಟಿದ್ದಳು. ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಲೂ ಬಾರದ ಹೆಂಗಸು! ಗೆಳತಿಯ ಮನೆಯಲ್ಲೂ ಗೊತ್ತಿತ್ತು. ನಾನು ಅವರ ಮನೆಯಲ್ಲಿ ಟಿವಿ ನೋಡಿ ನಗುತ್ತಿದ್ದಾಗ ಅವರಿಗೆ ಏನನ್ನಿಸಿರಬೇಕು!

ಒಂದು ಸಂಜೆಯ ಫೋನಿನ ಬಗ್ಗೆ, ಸಾವಿಗೆ ಬಂದು ಉಳಿದಿದ್ದ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಆಮೇಲೆ ಹೇಳಿದಳು. ನಾನು ಮಾಡಿದಾಗ ದೊಡ್ಡಮ್ಮನನ್ನು ಚಾವಡಿಯಲ್ಲಿ ಮಲಗಿಸಿದ್ದರಂತೆ, ಇನ್ನೂ ಎತ್ತಿರಲಿಲ್ಲವಂತೆ. ಅಳುತ್ತಿದ್ದ ಹೆಂಗಸರಿಗೆಲ್ಲ ಅಮ್ಮ ಬಾಯಿ ಮುಚ್ಚಿಕೊಳ್ಳಲು ಕೈಸನ್ನೆ ಮಾಡಿ, ಮುಖ ಒರೆಸಿಕೊಂಡು, ನನ್ನ ಹತ್ತಿರ ಮಾತಾಡಿದ್ದು. ಉಂಡೆಯಾ ಅಂತ ಕೇಳಿದ್ದಳು ಅವತ್ತು. ಸಾಂಬಾರಿಗೆ ಉಪ್ಪು ಜಾಸ್ತಿ ಅಂತ ನಾನು ದೂರು ಹೇಳಿದ್ದೆ.

ಇದನ್ನು ಕೇಳಿದ ಮೇಲೂ ನನಗೆ ಅಮ್ಮನ ಮೇಲಿನ ಸಿಟ್ಟು ಹೋಗಲಿಲ್ಲ. ಕನಿಕರವೂ ಬಂತು, ಸಿಟ್ಟೂ ಉಳಿಯಿತು. ಕ್ರೆಡಿಟ್ ಬಂತು. ವೈವಾದ ದಿನ ಗೈಡ್ ಮೇಡಂ ಹಾಜರಿ ಪಟ್ಟಿ ತಿರುಗಿಸಿ, "ಕೊನೆಯಲ್ಲಿ ಒಂದು ದಿನವೂ ತಪ್ಪಿಸಿಲ್ಲ, ಗುಡ್" ಅಂದರು. ಥ್ಯಾಂಕ್ಯೂ ಮೇಡಂ ಅಂದೆ. ಇನ್ನೇನು ಹೇಳುವುದಿತ್ತು.

ಆದರೆ ಸುದ್ದಿ ಕೇಳಿದ ಆ ಮಧ್ಯಾಹ್ನಕ್ಕೇ ನನ್ನ ಮನಸ್ಸು ಹೋಗಿ ನಿಲ್ಲುತ್ತದೆ. ಬೊಜ್ಜ ಮುಗಿದ ಮೇಲೆ ಸುದ್ದಿ ಕೇಳಿದವರಿಗೆ ದಿನಗಟ್ಟಲೆ ಸೂತಕ ಇಲ್ಲ, ಒಂದು ಸ್ನಾನ ಸಾಕು ಅಂತ ಹಿರಿಯರನ್ನು ಕೇಳಿ ಅಮ್ಮ ಮೊದಲೇ ಗೊತ್ತುಮಾಡಿಕೊಂಡಿದ್ದಳು. ಬಚ್ಚಲಲ್ಲಿ ನೀರು ಕಾದಿತ್ತು. ಸೂತಕದ ದಿನಗಳೆಂದರೆ ಮೈಲಿಗೆ, ಅಲ್ಲಿ ಹೋಗಬೇಡ ಇಲ್ಲಿ ಮುಟ್ಟಬೇಡ ಅನ್ನುವ ಕಾಟ ಅಂತಲೇ ನಾನು ತಿಳಿದಿದ್ದೆ. ಆ ದಿನಗಳಲ್ಲಿ ಹೆಂಗಸರೆಲ್ಲ ಒಂದೇ ಚಾವಡಿಯಲ್ಲಿ ಕೂತು ಹೋದವಳ ಜಗಳ, ಹೋದವಳ ನಗೆಚಾಟಿಕೆ ಹೇಳಿ ಹೇಳಿ ಅಳುತ್ತಾರೆ. ಅಷ್ಟು ದಿನ ಬೇರೆ ಕೆಲಸ ಇಲ್ಲ, ಅತ್ತರೆ ಯಾರೂ ಬೇಡ ಅನ್ನುವುದಿಲ್ಲ. ನನಗೆ ಅದು ಒಂದು ದಿನವೂ ಸಿಗಲಿಲ್ಲ.

"ತಲೆಗೂ ಹೊಯ್ಕೋ" ಅಂತ ಅಮ್ಮ ಹೊರಗಿನಿಂದ ಹೇಳಿದಳು. ಹೊಯ್ದುಕೊಂಡೆ. ತಲೆ ಒರೆಸಿಕೊಂಡು ಬರುವಾಗ ಚಾವಡಿಯಲ್ಲಿ ಚಿಕ್ಕಮ್ಮ ಮತ್ತು ನೆರೆಯ ಹೆಂಗಸರು ಬೊಜ್ಜಕ್ಕೆ ತಂದ ಬಾಡಿಗೆ ಪಾತ್ರೆಗಳನ್ನು ವಾಪಸ್ಸು ಕಳಿಸುವ ಮಾತಾಡುತ್ತಿದ್ದರು. ಅಮ್ಮ ನನಗೆ ಬಡಿಸಿ, ನಾನು ಅಳುವುದನ್ನು ನೋಡಿ, "ಇನ್ ಮರ್ಕ್ಬ್ಯಾಡ ಮಗಾ, ಎಲ್ಲ ಮುಗೀತಲ್ದಾ" ಅಂದಳು. ಅವರೆಲ್ಲ ಅತ್ತು ಮುಗಿಸಿದ್ದರು. ನಾನು ಆಗಷ್ಟೇ ಶುರು ಮಾಡಿದ್ದೆ.