ಬದುಕಿದ್ದವನಿಗೆ ಅತ್ತ ಮೋನಮ್ಮ

ಯಾದಗಿರಿ ಕಡೆಯ ಸಗರದ ನಮ್ಮ ಓಣಿಯಲ್ಲಿ ಯಾರು ಸತ್ತರೂ ಮೊದಲು ಮೋನಮ್ಮನಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಬೀಗರಿಗೆ. ಹೆಣದ ಪಕ್ಕ ಕುಳಿತು ಸತ್ತವರ ಬಾಳನ್ನು ಹಾಡಿಕೊಂಡು ಅಳುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಅವಳ ಸಮ ಯಾರೂ ಇರಲಿಲ್ಲ. ಬರೀ ಹೊಗಳಿಕೆ ಅಲ್ಲ. ಕುಡಿದು ಬಂದು ಹೆಂಡತಿಗೆ ಹೊಡೆದಿದ್ದರೆ ಅದನ್ನೂ ಹಾಡುತ್ತಿದ್ದಳು, ಮಗಳನ್ನು ಕಳಿಸುವಾಗ ಗೋಡೆಯ ಮರೆಗೆ ನಿಂತು ಅತ್ತಿದ್ದರೆ ಅದನ್ನೂ. ಎಲ್ಲ ಕೇಳಿದ ಮೇಲೆಯೇ ಗಂಡಸರು ಹೆಣ ಎತ್ತುತ್ತಿದ್ದರು.

ಉಳಿದ ದಿನ ಅದೇ ಬಾಯಿ ಗದ್ದೆಯಲ್ಲಿ ನಗಿಸುತ್ತಿತ್ತು. ಕಾಲುವೆ ಬಂದು ಜೋಳದ ಹೊಲಗಳು ಗದ್ದೆಯಾದ ಮೇಲೆ ನಮ್ಮ ಓಣಿಯ ಹೆಂಗಸರಿಗೆ ನಾಟಿಯೇ ಬದುಕು. ಬಗ್ಗಿಸಿದ ಸೊಂಟ ರೊಟ್ಟಿಯ ಹೊತ್ತಿಗೇ ಏಳುವುದು. ಮೋನಮ್ಮನಿಗೆ ಓದು ಬಾರದು. ಸಂಜೆ ದೇವಕಮ್ಮನ ಮನೆಯ ಟೀವಿಯಲ್ಲಿ ಕೇಳಿದ್ದನ್ನು ಮರುದಿನ ಕೆಸರಲ್ಲಿ ನಿಂತು ತನ್ನ ಲೆಕ್ಕದಲ್ಲಿ ಹೇಳುತ್ತಿದ್ದಳು.

“ಆ ಸಿನಿಮಾದಾಕಿ ಲಗ್ನಕ್ಕ ಮಂದಿ ಇಮಾನದಾಗ ಹೊಂಟಾರಂತ. ನಮ್ಮ ಓಣಿಗೆ ಒಂದು ಲಗ್ನಪತ್ರ ಬರಲಿಲ್ಲ ನೋಡ್ರೆವ್ವಾ. ಹೋಗ್ಲಿ, ಆಯಾರದ ಸೀರಿ ಖರ್ಚರೆ ಉಳೀತು.”

ಯಾವನೋ ಮಂತ್ರಿ ಟೀವಿಯಲ್ಲಿ ಅತ್ತ ಮರುದಿನ, “ಖುರ್ಚಿ ಹೋದ್ರ ಇಷ್ಟ ಅಳಾಂವ, ಹಡೆದವ್ವ ಸತ್ತಾಗ ಎಷ್ಟ ಅತ್ತಿದ್ದ ಕೇಳ್ರಿ” ಎಂದಿದ್ದಳು.

ಗಂಡ ಎಂದೋ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲದ ಅವಳಿಗೆ ಆ ನಾಟಿಯ ಗುಂಪೇ ಮನೆ, ಅದೇ ಬಳಗ.

ಆ ವರ್ಷ ಸರ್ಕಾರ ಅಲ್ಲಾಡುತ್ತಿತ್ತು. ನಮ್ಮ ಕಡೆಯ ಸಾಹೇಬರು, ನಾವೇ ಓಟು ಹಾಕಿ ಗೆಲ್ಲಿಸಿದವರು, ಉಳಿದ ಕೆಲವರ ಜೊತೆ ಬಸ್ಸು ಹತ್ತಿ ಬೇರೆ ರಾಜ್ಯದ ರೆಸಾರ್ಟ್ ಸೇರಿದ್ದರು. ಫೋನ್ ಬಂದ್. ಟೀವಿಯವರು ಬೆಳಗಿನಿಂದ ಸಂಜೆತನಕ ಎಲ್ಲಿದ್ದಾರೆ, ಎಲ್ಲಿದ್ದಾರೆ ಎಂದು ಬಡಿದುಕೊಳ್ಳುತ್ತಿದ್ದರು.

“ಎಕ್ಕಾ, ನಮ್ಮ ಸಾಹೇಬ ಎಲ್ಲಿ ಹೋಗ್ಯಾನ?” ನಾಟಿ ಹಚ್ಚುತ್ತಲೇ ದೇವಕಮ್ಮ ಕೆಣಕಿದಳು.

“ಫೋನ್ ಹತ್ತವಲ್ದು, ಮಾರಿ ಕಾಣವಲ್ದು. ಹಿಂಗಾದವರಿಗೆ ನಮ್ಮ ಓಣ್ಯಾಗ ಏನಂತಾರ?” ಎಂದ ಮೋನಮ್ಮ ಬದುವಿನ ಮೇಲೆ ಕುಳಿತು, ಸೆರಗು ತಲೆಗೆಳೆದು, ಸಾವಿನ ಮನೆಯ ರಾಗದಲ್ಲೇ ಶುರುಮಾಡಿದಳು.

“ಓಟಿಗೆ ಬಂದಾಗ ಕಾಲಿಗೆ ಬಿದ್ದಿದ್ದೆಲ್ಲೋ ನನ್ನಪ್ಪಾ... ರಸ್ತಾ ಮಾಡಸ್ತೀನಿ ಅಂದಿದ್ದೆಲ್ಲೋ ನನ್ನಪ್ಪಾ... ಯಾರ ಮನಿ ಬಿರ್ಯಾನಿ ನಿನ್ನ ಕರೀತೋ ನನ್ನಪ್ಪಾ...”

ನಾವೆಲ್ಲ ಕೆಸರಲ್ಲೇ ಎದೆ ಬಡಿದುಕೊಂಡು “ಹ್ವಾದ್ಯೋ ನನ್ನಪ್ಪಾ” ಎಂದು ದನಿಗೂಡಿಸಿದೆವು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ದೇವಕಮ್ಮ ಮೊಬೈಲಿನಲ್ಲಿ ಹಿಡಿದು ಯಾದಗಿರಿಯಲ್ಲಿದ್ದ ತಮ್ಮನಿಗೆ ಕಳಿಸಿದಳು. ಅವನೂ ನಗಲಿ ಎಂದಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಸಂತೆಯಲ್ಲಿ ಎಲ್ಲರ ಕೈಯಲ್ಲೂ ಮೋನಮ್ಮನೇ ಅಳುತ್ತಿದ್ದಳು, ಟೀವಿಯಲ್ಲೂ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸಾಹೇಬರು ಓಡಿಹೋದದ್ದಕ್ಕೆ ಯಾರ ಮಾನವೂ ಹೋಗಲಿಲ್ಲ, ಕೂಲಿಯ ಹೆಂಗಸೊಬ್ಬಳು ಅದನ್ನು ಆಡಿ ತೋರಿಸಿದ್ದಕ್ಕೆ ಹೋಯಿತು. ಅವರ ಹಿಂಬಾಲಕರು ಎರಡು ಕಾರಿನಲ್ಲಿ ಬಂದರು. ಬದುಕಿದ್ದವರಿಗೆ ಅತ್ತರೆ ಆಯುಷ್ಯ ಕಡಿಮೆಯಾಗುತ್ತದೆ, ಅವರಿಗೇನಾದರೂ ಆದರೆ ನಿಮ್ಮ ಓಣಿಯನ್ನು ಬಿಡುವುದಿಲ್ಲ ಎಂದು ಕೂಗಾಡಿದರು. ಹಾಳಾದದ್ದು ಏನೆಂದರೆ ಆ ಮಾತನ್ನು ನಾವೂ ನಂಬುವವರೇ. ಮೋನಮ್ಮನೂ ನಂಬುವವಳೇ. ಅವಳ ಮುಖದ ರಕ್ತ ಇಂಗಿದ್ದು ಬೈಗುಳಕ್ಕಲ್ಲ, ಆ ಮಾತಿಗೆ.

ತಂದಿದ್ದ ಸಾಹೇಬರ ಬ್ಯಾನರನ್ನು ಗುಡಿಯ ಗೋಡೆಗೆ ಕಟ್ಟಿದರು. ಮುತ್ತೈದೆಯರು ಅದಕ್ಕೆ ಆರತಿ ಎತ್ತಬೇಕು ಎಂದರು. ದೇವಕಮ್ಮನೂ ಎತ್ತಿದಳು. ಗಂಡ ಸತ್ತವಳು ಆರತಿ ಮುಟ್ಟಬಾರದು, ಪಾದಕ್ಕೆ ಹಣೆ ಹಚ್ಚಲಿ ಎಂದರು. ಬ್ಯಾನರಿನಲ್ಲಿ ಸಾಹೇಬರು ಇದ್ದದ್ದು ಸೊಂಟದ ತನಕ. ಅದರ ಕೆಳಗೆ ಶುಭ ಕೋರುವವರ, ಅಂದರೆ ಕಾರಿನಲ್ಲಿ ಬಂದಿದ್ದವರದೇ, ಸಣ್ಣ ಸಣ್ಣ ಫೋಟೋಗಳು. ಮೋನಮ್ಮ ಆ ಪುಂಡರ ಮುಖಗಳಿಗೇ ಹಣೆ ಹಚ್ಚಿ, ಅವರ ಮೊಬೈಲಿನ ಮುಂದೆ ತಪ್ಪಾಯಿತು ಎಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಓಣಿಯ ಹಿರಿಯ ಅಂಬ್ರಪ್ಪ, “ಇನ್ನ ಮ್ಯಾಗ ಯಾರ ಹೆಣದ ಮುಂದನೂ ನೀ ಬಾಯಿ ತೆಗೀಬ್ಯಾಡ” ಎಂದ. ಗದ್ದೆಯ ಮಾಲೀಕರು ಅವಳಿದ್ದರೆ ಗುಂಪೇ ಬೇಡ ಎಂದರು. ಮರುದಿನ ನಾವು ಅವಳ ಬಾಗಿಲ ಮುಂದೆಯೇ ನಾಟಿಗೆ ಹೋದೆವು. ಎಲ್ಲರಿಗಿಂತ ಮುಂದೆ, ತಲೆ ತಗ್ಗಿಸಿಕೊಂಡು, ದೇವಕಮ್ಮ. ಮೋನಮ್ಮ ಹೊಸ್ತಿಲಲ್ಲಿ ಬುತ್ತಿ ಹಿಡಿದು ನಿಂತಿದ್ದಳು.

ಸಾಹೇಬರಿಗೆ ಏನೂ ಆಗಲಿಲ್ಲ. ಹೊಸ ಸರ್ಕಾರದಲ್ಲಿ ಮಂತ್ರಿಯಾಗಿ, ಮೈ ತುಂಬ ಹಾರ ಹಾಕಿಸಿಕೊಂಡು ಬಂದರು. ಮೋನಮ್ಮ ದೂರದ ಹಳ್ಳಿಗಳಿಗೆ ಒಬ್ಬಳೇ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು. ಟೀವಿ ನೋಡಲು ಯಾರ ಮನೆಗೂ ಬರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ದೇವಕಮ್ಮನ ಗಂಡ ಈಶಪ್ಪ ಕಾಲುವೆಯ ಮೋಟರು ಚಾಲೂ ಮಾಡಲು ಹೋಗಿ ಕರೆಂಟು ಹೊಡೆದು ಸತ್ತ. ಹೆಣ ಅಂಗಳಕ್ಕೆ ಬಂದದ್ದೇ ದೇವಕಮ್ಮ ಬಿಚ್ಚುಗೂದಲಲ್ಲಿ ಮೋನಮ್ಮನ ಮನೆಗೆ ಓಡಿದಳು.

“ಎಕ್ಕಾ, ಅವನ್ನ ಸುಮ್ನ ಕಳಸಬ್ಯಾಡ. ನೀ ನಾಕು ಮಾತು ಅನ್ನು.”

ಮೋನಮ್ಮ ಬಂದಳು. ದೇವಕಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಣದ ಪಕ್ಕ ಕುಳಿತಳು.

“ಅಳು ಮೋನಮ್ಮ. ಇವತ್ತಿಗೆ ಮಾಫ್ ಐತಿ” ಎಂದ ಅಂಬ್ರಪ್ಪ.

ಅವಳು ಬಾಯಿ ತೆರೆದಳು. “ಈಶಾ...” ಎಂದವಳು ಸುತ್ತ ನಿಂತವರ ಮುಖ ನೋಡಿದಳು, ಕೈಯಲ್ಲಿದ್ದ ಮೊಬೈಲು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಆಗವಲ್ದು ಯಜಮಾನ್ರ. ಸಾಹೇಬನ ಮಂದೀದು ನನಗೇನ ಅಂಜಿಕಿಲ್ಲ. ನಿಮ್ಮ ಮುಂದ ಬಾಯಿ ತೆಗಿಯಾಕ ಅಂಜಿಕಿ ಬರ್ತದ.”

ದೇವಕಮ್ಮ ಗಂಡನ ಬಗ್ಗೆ ತಾನೇ ಏನೋ ಹಾಡಲು ನೋಡಿದಳು, ಬರೀ ದನಿ ಬಂತು, ಮಾತು ಬರಲಿಲ್ಲ. ಹೊತ್ತು ಮೀರುತ್ತದೆ ಎಂದು ಗಂಡಸರು ಹೆಣ ಎತ್ತಿದರು. ಈಶಪ್ಪ ಎಂಥವನಿದ್ದ ಎಂದು ಯಾರೂ ಹೇಳದೆಯೇ ಅವನು ಮಣ್ಣಿಗೆ ಹೋದ.